ಏಮ್ಸ್ ಬರುತ್ತೆ, ಪ್ಲಾಟ್ ಬೆಲೆ ಡಬಲ್ ಆಗುತ್ತೆ: ರಾಯಚೂರಿನಲ್ಲಿ ಮನೆ ಮಾಡುವವರು ಇಂಥ ಫಾರ್ವರ್ಡ್ ನಂಬಬಹುದೇ?

“ಏಮ್ಸ್‌ಗೆ ಹತ್ತಿರ. ವಿಮಾನ ನಿಲ್ದಾಣಕ್ಕೆ ಹತ್ತೇ ನಿಮಿಷ. ಎನ್.ಎ. ಪ್ಲಾಟ್, ನೂರಕ್ಕೆ ನೂರು ವಾಸ್ತು. ಇಂದೇ ಬುಕ್ ಮಾಡಿ, ಎರಡು ವರ್ಷದಲ್ಲಿ ಬೆಲೆ ಡಬಲ್!” ರಾಯಚೂರು, ಮಾನ್ವಿ, ದೇವದುರ್ಗದ ವಾಟ್ಸಾಪ್ ಗ್ರೂಪುಗಳಲ್ಲಿ ಈ ಧಾಟಿಯ ಸಂದೇಶ ನೋಡದವರು ಕಡಿಮೆ. ಜೊತೆಗೆ ಅಗಲವಾದ ರಸ್ತೆ, ಕಾರಂಜಿ, ಸಾಲು ತೆಂಗಿನ ಮರಗಳ ಚಿತ್ರವೂ ಇರುತ್ತದೆ. ಸ್ಥಳಕ್ಕೆ ಹೋಗಿ ನೋಡಿದರೆ ಜಾಲಿ ಗಿಡ, ನಾಲ್ಕು ಗುರುತಿನ ಕಲ್ಲು.

ಬೇರೆ ಫಾರ್ವರ್ಡ್ ನಂಬಿ ಮೋಸಹೋದರೆ ಮರುದಿನ ತಿದ್ದಿಕೊಳ್ಳಬಹುದು. ಮನೆ ವಿಷಯದಲ್ಲಿ ಅದು ಆಗದು. ದೇವದುರ್ಗದ ಶಿಕ್ಷಕರು ಇಪ್ಪತ್ತು ವರ್ಷದ ಸಾಲ ಮಾಡಿರುತ್ತಾರೆ, ಮಾನ್ವಿ ಕಡೆಯ ಭತ್ತದ ರೈತರು ಮಕ್ಕಳ ಓದಿಗೆಂದು ಒಂದು ಎಕರೆ ಮಾರಿ ರಾಯಚೂರಿಗೆ ಬಂದಿರುತ್ತಾರೆ. ಎರಡನೇ ಸಲ ಆಯ್ಕೆ ಮಾಡುವಷ್ಟು ಹಣ ಇಂಥ ಕುಟುಂಬಗಳಲ್ಲಿ ಉಳಿದಿರುವುದಿಲ್ಲ. ಹಾಗಾಗಿ ಈ ಸಂದೇಶಗಳಲ್ಲಿರುವ ಮಾತುಗಳನ್ನು ಒಂದೊಂದಾಗಿ ಬಿಡಿಸಿ ನೋಡೋಣ.

“ಬರುತ್ತೆ” ಮತ್ತು “ಬಂತು” ನಡುವೆ ಎಷ್ಟು ವರ್ಷ?

ಘೋಷಣೆಗಳನ್ನು ನಂಬಿ ಕಾದ ಅನುಭವ ರಾಯಚೂರಿಗೆ ಬೇಕಾದಷ್ಟಿದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ರಾಯಚೂರಿಗೆ ಐಐಟಿ ಬೇಕೆಂದು ಶಿಫಾರಸು ಮಾಡಿತ್ತು. 2016ರಲ್ಲಿ ಐಐಟಿ ಶುರುವಾದದ್ದು ಧಾರವಾಡದಲ್ಲಿ. ಬದಲಿಗೆ ರಾಯಚೂರಿಗೆ ಸಿಕ್ಕಿದ್ದು ಐಐಐಟಿ. 2019ರಲ್ಲಿ ಅದು ಆರಂಭವಾಯಿತಾದರೂ ಮೊದಲ ತರಗತಿಗಳು ನಡೆದದ್ದು ತೆಲಂಗಾಣದ ಐಐಟಿ ಹೈದರಾಬಾದ್ ಆವರಣದಲ್ಲಿ. ಏಮ್ಸ್‌ಗಾಗಿ 2022ರ ಮೇ ತಿಂಗಳಲ್ಲಿ ಆರಂಭವಾದ ಧರಣಿ ಸಾವಿರ ದಿನ ದಾಟಿದಾಗಲೂ ಕೇಂದ್ರದ ಒಪ್ಪಿಗೆ ಬಂದಿರಲಿಲ್ಲ.

ರೈಲಿನ ಕಥೆಯೂ ಹೀಗೆಯೇ. ಮುನಿರಾಬಾದ್-ಮಹಬೂಬ್‌ನಗರ ಮಾರ್ಗ 1990ರ ದಶಕದಲ್ಲಿ ಮಂಜೂರಾಯಿತು. ಆ ಮಾರ್ಗದ ಸಿಂಧನೂರಿಗೆ ಪ್ರಯಾಣಿಕರ ರೈಲು ಬಂದದ್ದು 2024ರ ಮಾರ್ಚ್‌ನಲ್ಲಿ. ಮಂಜೂರಾತಿಯ ಸುದ್ದಿ ಓದಿ ಜಾಗ ಕೊಂಡವರಿದ್ದರೆ ಅವರ ಮಕ್ಕಳು ಓದು ಮುಗಿಸಿ ಕೆಲಸಕ್ಕೆ ಸೇರುವಷ್ಟು ಕಾಲ ಅಷ್ಟರಲ್ಲಿ ಕಳೆದಿತ್ತು.

ಬೇಡಿಕೆ ಇಡುವುದು ತಪ್ಪು ಎಂದು ನಾವು ಹೇಳುತ್ತಿಲ್ಲ. ಜನ ಧರಣಿ ಕೂತದ್ದು ಆಸ್ಪತ್ರೆ ಬೇಕೆಂದು. ಪ್ಲಾಟ್ ಮಾರುವವರು ಆ ಬೇಡಿಕೆಯನ್ನೇ ಆಗಿಹೋದ ಸಂಗತಿಯಂತೆ ತೋರಿಸುತ್ತಾರೆ, ಸಮಸ್ಯೆ ಇರುವುದು ಅಲ್ಲಿ. ಇನ್ನೊಂದು ವಿಷಯವನ್ನು ಅವರು ಹೇಳುವುದೇ ಇಲ್ಲ. ಬರುವ ನಾಳೆಯ ಬೆಲೆಯನ್ನು ನಿಮ್ಮಿಂದ ಇಂದೇ ವಸೂಲಿ ಮಾಡುತ್ತಾರೆ. “ಡಬಲ್” ಆಗುವ ಲಾಭದ ದೊಡ್ಡ ಪಾಲು ಮೊದಲೇ ಅವರ ಜೇಬು ಸೇರಿರುತ್ತದೆ.

ಯರಮರಸ್ ಬಳಿಯ ವಿಮಾನ ನಿಲ್ದಾಣದ ಹೆಸರಲ್ಲೂ ಇದೇ ವ್ಯಾಪಾರ. ಆದರೆ ನಿಲ್ದಾಣಕ್ಕೆ ಹತ್ತಿರ ಇರುವುದು ಲಾಭ ಮಾತ್ರವಲ್ಲ. ನಿಲ್ದಾಣಗಳ ಸುತ್ತ ಕಟ್ಟಡ ಎಷ್ಟು ಎತ್ತರ ಏರಬಹುದು ಎಂಬುದಕ್ಕೆ ಮಿತಿ ಇರುತ್ತದೆ, ಸದ್ದೂ ಇರುತ್ತದೆ. ಅದೇ ದಿಕ್ಕಿನಲ್ಲಿ 1,600 ಮೆಗಾವಾಟ್‌ನ ಯರಮರಸ್ ಶಾಖೋತ್ಪನ್ನ ವಿದ್ಯುತ್ ಸ್ಥಾವರವೂ ಇದೆ. ಅಲ್ಲಿ ಜಾಗ ನೋಡುವವರು ಅಕ್ಕಪಕ್ಕದ ಮನೆಯವರಿಗೆ ಬೂದಿಯ ಬಗ್ಗೆ ಒಂದು ಮಾತು ಕೇಳಲಿ. ಬಟ್ಟೆ ಒಣಹಾಕುವವರಿಗೆ ಅದು ಚೆನ್ನಾಗಿ ಗೊತ್ತಿರುತ್ತದೆ.

ತಲಾಬ್, ಕುಂಟೆ, ಬಾವಿ, ಕೆರೆ: ಹೆಸರೇ ಸುಳಿವು

ರಾಯಚೂರಿನ ಹಳೆಯ ಬಡಾವಣೆಗಳ ಹೆಸರು ಓದಿ ನೋಡಿ: ಸಿಯಾತಲಾಬ್, ನೀರಬಾವಿ ಕುಂಟೆ, ಮಾವಿನಕೆರೆ. ತಲಾಬ್ ಎಂದರೆ ಕೆರೆ, ಕುಂಟೆ ಎಂದರೆ ಸಣ್ಣ ಕೆರೆ. ನೀರು ಹರಿದು ಬಂದು ನಿಲ್ಲುತ್ತಿದ್ದ ತಗ್ಗು ಜಾಗಗಳಿಗೆ ಹಿರಿಯರು ಇಟ್ಟ ಹೆಸರು ಇವು. ಜೋರು ಮಳೆಯಾದಾಗ ನೀರು ನುಗ್ಗಿದ ಸುದ್ದಿಗಳಲ್ಲಿ ಸಿಯಾತಲಾಬ್, ನೀರಬಾವಿ ಕುಂಟೆ, ಜಲಾಲ್ ನಗರದ ಹೆಸರು ಪದೇ ಪದೇ ಬರುವುದಕ್ಕೆ ಅಲ್ಲಿನ ಜನ ಕಾರಣರಲ್ಲ. ಅದು ಇಳಿಜಾರು ಮತ್ತು ರಾಜಕಾಲುವೆಯ ಕೆಲಸ.

ಹೊಸ ಲೇಔಟ್‌ಗಳಲ್ಲಿ ಈ ಸುಳಿವೂ ಸಿಗುವುದಿಲ್ಲ. ಅಲ್ಲಿನ ಹೆಸರು “ಗ್ರೀನ್”, “ಸಿಟಿ”, “ಎನ್‌ಕ್ಲೇವ್”. ಆದ್ದರಿಂದ ಸರ್ವೆ ನಂಬರ್ ಕೇಳಿ. ಕೊಡಲು ಹಿಂದೇಟು ಹಾಕಿದರೆ ಜಾಗದಲ್ಲೇ ನಿಂತು ಸರ್ಕಾರದ ‘ದಿಶಾಂಕ್’ ಆ್ಯಪ್ ತೆರೆಯಿರಿ. ನೀವು ನಿಂತ ನೆಲದ ಸರ್ವೆ ನಂಬರ್ ಅದು ತೋರಿಸುತ್ತದೆ. ನಂತರ ಗ್ರಾಮ ನಕ್ಷೆ, ಪಹಣಿ ನೋಡಿ. ಹಳ್ಳ, ಬಂಡಿದಾರಿ, ಕೆರೆ ಅಂಗಳದಂಥ ಜಾಗ ‘ಬಿ ಖರಾಬು’ ಎಂದು ಇರುತ್ತದೆ. ಅದು ಸಾರ್ವಜನಿಕರದ್ದು, ಮಾರಲು ಬರುವುದಿಲ್ಲ. ಬೇಸಿಗೆಯಲ್ಲಿ ಹಳ್ಳವೂ ಮೈದಾನದಂತೆಯೇ ಕಾಣುತ್ತದೆ.

ನಲ್ಲಿ ಇದೆ ಎಂದರೆ ಸಾಲದು

ನಗರಕ್ಕೆ ನೀರು ಎರಡು ಕಡೆಯಿಂದ ಬರುತ್ತದೆ. ಕೃಷ್ಣೆಯ ನೀರು ಚಿಕ್ಕಸೂಗೂರಿನ ಶುದ್ಧೀಕರಣ ಘಟಕದ ಮೂಲಕ ಬಂದರೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ರಾಂಪುರದ ಮೂಲಕ ಬರುತ್ತದೆ. ಕಾಲುವೆಗೆ ವರ್ಷವಿಡೀ ನೀರು ಬಿಡುವುದಿಲ್ಲ. ಹಾಗಾಗಿ ನೀವು ನೋಡುತ್ತಿರುವ ಬೀದಿಗೆ ಯಾವ ಕಡೆಯ ನೀರು, ಎಷ್ಟು ದಿನಕ್ಕೊಮ್ಮೆ, ಏಪ್ರಿಲ್-ಮೇ ತಿಂಗಳಲ್ಲಿ ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಕೇಳಲೇಬೇಕು.

2022ರ ಮೇ ಕೊನೆಯಲ್ಲಿ ರಾಯಚೂರಿನಲ್ಲಿ ಕಲುಷಿತ ನೀರು ಕುಡಿದು ಹಲವರು ಜೀವ ಕಳೆದುಕೊಂಡರು. ವಾಂತಿ-ಭೇದಿಯಿಂದ ಆಸ್ಪತ್ರೆ ಸೇರಿದವರಲ್ಲಿ ಮಕ್ಕಳೂ ಇದ್ದರು. ಆಗ ರಾಂಪುರದ ಘಟಕದ ನಿರ್ವಹಣೆ ಚರ್ಚೆಗೆ ಬಂತು. ಬೀದಿಯ ಮಟ್ಟದಲ್ಲಿ ನೋಡಬೇಕಾದದ್ದು ಇನ್ನೊಂದಿದೆ. ಮೂರ್ನಾಲ್ಕು ದಿನಕ್ಕೊಮ್ಮೆ ನೀರು ಬಿಡುವ ಊರಲ್ಲಿ ಉಳಿದ ದಿನ ಪೈಪು ಖಾಲಿ ಇರುತ್ತದೆ. ಒಳಗೆ ಒತ್ತಡ ಇಲ್ಲದಾಗ ಬಿರುಕಿನಿಂದ ಸುತ್ತಲಿನ ಕೊಳೆ ಒಳಕ್ಕೆ ಸೇರುತ್ತದೆ, ನೀರು ಬಿಟ್ಟ ಕೂಡಲೇ ಮೊದಲು ನಲ್ಲಿಗೆ ಬರುವುದು ಅದೇ. ಆದ್ದರಿಂದ ಮನೆ ನೋಡಲು ಹೋದಾಗ ಟೈಲ್ಸ್ ಆಮೇಲೆ ನೋಡಿ, ಕುಡಿಯುವ ನೀರಿನ ಪೈಪು ಚರಂಡಿಯ ಒಳಗೆ ಹಾದುಹೋಗಿದೆಯೇ ಎಂದು ಮೊದಲು ನೋಡಿ.

“ಬೋರ್‌ವೆಲ್ ಇದೆ, ಟಿಡಿಎಸ್ ಮೀಟರ್‌ನಲ್ಲಿ ಚೆಕ್ ಮಾಡಿದ್ದೇವೆ” ಎಂಬ ಮಾತೂ ಸಾಮಾನ್ಯ. ಆ ಪುಟ್ಟ ಮೀಟರ್ ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಂದಾಜು ಕೊಡುತ್ತದೆ, ಅಷ್ಟೇ. ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು, ರೋಗಾಣು ಇದೆಯೇ ಎಂದು ಅದಕ್ಕೆ ತಿಳಿಯದು. ರಾಯಚೂರು ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಹಳೆಯ ಸಮಸ್ಯೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಸಾಂದ್ರತೆ ಹೆಚ್ಚುತ್ತದೆ. ಪ್ರಯೋಗಾಲಯದ ವರದಿ ಕೇಳಿ.

ಎರೆ ಮಣ್ಣೋ, ಮಸಾರಿಯೋ?

ದೇವದುರ್ಗ, ಮಾನ್ವಿಯಲ್ಲಿ ಜಾಗ ಕೊಳ್ಳುವವರಿಗೆ ನೀರಿನಷ್ಟೇ ಮುಖ್ಯ ಮಣ್ಣು. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಮೇಲಿನ ಗೋಡೆಯೂ ಅದರ ಜೊತೆ ಏಳುತ್ತದೆ, ಇಳಿಯುತ್ತದೆ. ಬಾಗಿಲಿನ ಮೂಲೆಯಿಂದ ಓರೆಯಾಗಿ ಏರುವ ಬಿರುಕು ನೋಡಿ “ವಾಸ್ತು ದೋಷ” ಎನ್ನುವವರಿದ್ದಾರೆ. ಅದು ಪಾಯದ ದೋಷ. ಹಾಗೆಂದು ಎರೆ ಭೂಮಿಯಲ್ಲಿ ಮನೆ ಕಟ್ಟಲೇಬಾರದು ಎಂದೇನಿಲ್ಲ. ಗಟ್ಟಿ ಪದರದವರೆಗೆ ಅಗೆದು ಮರಂ ತುಂಬಿಸಬಹುದು, ಪೈಲ್ ಪಾಯ ಹಾಕಬಹುದು. ಆ ಖರ್ಚನ್ನು ಪ್ಲಾಟ್ ಬೆಲೆಗೆ ಕೂಡಿಸಿ ನೋಡಬೇಕು, ಅಷ್ಟೇ. ಮಣ್ಣು ಎಷ್ಟು ಉಬ್ಬುತ್ತದೆಂದು ತಿಳಿಯುವ ಪರೀಕ್ಷೆ ಸರಳ: ಜರಡಿ ಹಿಡಿದ ಒಣ ಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ ಒಂದನ್ನು ನೀರಿನಲ್ಲಿ, ಇನ್ನೊಂದನ್ನು ಸೀಮೆಎಣ್ಣೆಯಲ್ಲಿ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ಎರಡರ ವ್ಯತ್ಯಾಸವೇ ಉತ್ತರ. ಸಿವಿಲ್ ಎಂಜಿನಿಯರಿಂಗ್ ಲ್ಯಾಬ್‌ಗಳಲ್ಲಿ ಇದನ್ನು ಮಾಡುತ್ತಾರೆ.

“ಎನ್.ಎ. ಆಗಿದೆ, ಬಿ ಖಾತಾ ಸಿಗುತ್ತೆ, ಇನ್ನೇನು ಬೇಕು?”

ಇನ್ನೂ ಬೇಕು. ಎನ್.ಎ. ಎಂದರೆ ಕೃಷಿ ಭೂಮಿಯನ್ನು ಬೇರೆ ಬಳಕೆಗೆ ಪರಿವರ್ತಿಸಲು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಅಡಿ ಸಿಕ್ಕ ಅನುಮತಿ. ಲೇಔಟ್ ನಕ್ಷೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಬೇರೆ. ರಸ್ತೆ, ಚರಂಡಿ, ಪಾರ್ಕ್ ಎಷ್ಟು ಬಿಡಬೇಕೆಂದು ತೀರ್ಮಾನವಾಗುವುದು ಈ ಎರಡನೆಯದರಲ್ಲಿ. ಅದಿಲ್ಲದ ಜಾಗದಲ್ಲಿ ಚಿತ್ರದ ಕಾರಂಜಿ ಹಾಗಿರಲಿ, ಚರಂಡಿಯೂ ಬರದಿರಬಹುದು.

2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಬಿ ಖಾತಾ ಅಭಿಯಾನ ಶುರು ಮಾಡಿದಾಗ “ಎಲ್ಲ ಸೈಟು ಸಕ್ರಮ” ಎಂಬ ಅರ್ಥ ಕಟ್ಟಿದವರು ಬಹಳ. ಆದರೆ ಆ ಅವಕಾಶ 2024ರ ಸೆಪ್ಟೆಂಬರ್ 10ಕ್ಕೆ ಮೊದಲು ನೋಂದಣಿಯಾದ ಆಸ್ತಿಗಳಿಗೆ. ಬಿ ಖಾತಾ ಆಸ್ತಿಯನ್ನು ತೆರಿಗೆಯ ಲೆಕ್ಕಕ್ಕೆ ತರುತ್ತದೆ, ಲೇಔಟ್‌ಗೆ ಮಂಜೂರಾತಿ ಕೊಡುವುದಿಲ್ಲ. ನಗರದ ಅಂಚಿನ ಪಂಚಾಯಿತಿಗಳಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. 11ಬಿ ಕೈಗಿಟ್ಟರೆ ಅದು ಬೇರೆ ಕಥೆ. ಬ್ಯಾಂಕ್ ಸಾಲಕ್ಕೆ ಹೋದಾಗ ಈ ಎರಡರ ವ್ಯತ್ಯಾಸ ತಾನಾಗಿಯೇ ತಿಳಿಯುತ್ತದೆ, ಅಷ್ಟರಲ್ಲಿ ಮುಂಗಡ ಕೊಟ್ಟಾಗಿರುತ್ತದೆ. ಬರೀ ಬಾಂಡ್ ಪೇಪರ್ ಮೇಲೆ ನೋಟರಿ ಮಾಡಿಸಿದ ಕರಾರಿನಿಂದ ಮನೆ ನಿಮ್ಮದಾಗುವುದಿಲ್ಲ.

ಫೋನಿನಲ್ಲೇ ಮಾಡಬಹುದಾದ ಇನ್ನೊಂದು ಕೆಲಸ ರೇರಾ ತಪಾಸಣೆ. 500 ಚದರ ಮೀಟರ್ ಮೀರಿದ ಲೇಔಟ್ ರೇರಾದಲ್ಲಿ ನೋಂದಣಿಯಾಗದೆ ಜಾಹೀರಾತು ಕೊಡುವಂತೆಯೇ ಇಲ್ಲ. 500 ಚದರ ಮೀಟರ್ ಎಂದರೆ ಸುಮಾರು ಐದು ಗುಂಟೆ. ಎಕರೆಗಟ್ಟಲೆ ಲೇಔಟ್‌ನ ಫಾರ್ವರ್ಡ್‌ನಲ್ಲಿ ರೇರಾ ನಂಬರ್ ಇಲ್ಲದಿದ್ದರೆ ಅನುಮಾನಕ್ಕೆ ಅದೊಂದೇ ಸಾಕು. ನಂಬರ್ ಇದ್ದರೆ ಕರ್ನಾಟಕ ರೇರಾ ಜಾಲತಾಣದಲ್ಲಿ ಹಾಕಿ, ಅದೇ ಸರ್ವೆ ನಂಬರ್, ಅದೇ ನಕ್ಷೆ ಬರುತ್ತದೆಯೇ ನೋಡಿ.

ಮುಂಗಡ ಕೊಟ್ಟಾಗಿದ್ದರೆ ಆ ಸಂದೇಶವನ್ನು ಡಿಲೀಟ್ ಮಾಡಬೇಡಿ. ರೇರಾ ಕಾಯ್ದೆಯಲ್ಲಿ ಜಾಹೀರಾತು ಎಂದರೆ ಯಾವುದೇ ಮಾಧ್ಯಮದಲ್ಲಿ, ಯಾವುದೇ ರೂಪದಲ್ಲಿ ಬಂದ ಪ್ರಚಾರ. ಜಾಹೀರಾತಿನ ಸುಳ್ಳು ಮಾಹಿತಿ ನಂಬಿ ಮುಂಗಡ ಕೊಟ್ಟು ನಷ್ಟವಾದವರು ಪರಿಹಾರ ಕೇಳಬಹುದು, ಯೋಜನೆಯಿಂದ ಹೊರಬಂದು ಹಣವನ್ನು ಬಡ್ಡಿ ಸಮೇತ ವಾಪಸ್ ಕೇಳಬಹುದು ಎನ್ನುತ್ತದೆ ಅದರ 12ನೇ ಕಲಂ. ದಿನಾಂಕ ಮತ್ತು ಕಳುಹಿಸಿದವರ ನಂಬರ್ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಹಣ ಕೊಟ್ಟ ರಸೀದಿಯ ಜೊತೆ ಇಟ್ಟುಕೊಳ್ಳಿ.