ಅಂಗೈಗೆ ತಂಪು, ಕಣ್ಣಿಗೆ ಕಿಡಿ

ಮೊನ್ನೆ ನನ್ನ ಮೊಮ್ಮಗನು ಜಾತ್ರೆಯಿಂದ ಬೆರಳುದ್ದದ ಲೇಸರ್ ದೀಪವೊಂದನ್ನು ಕೊಂಡುತಂದನು. ಅದರ ಕೆಂಪು ಬೊಟ್ಟನ್ನು ಗೋಡೆಯ ಮೇಲೆ ಓಡಿಸಿ ಆಡುತ್ತಿದ್ದವನು, ತೊಟ್ಟಿಲಲ್ಲಿದ್ದ ತಂಗಿಯ ಮುಖದತ್ತ ತಿರುಗಿಸಲು ಹೋದಾಗ ನಾನು ಕೈಯನ್ನು ತಡೆದೆನು. "ತಾತ, ಅಂಗೈಯ ಮೇಲೆ ಬಿಟ್ಟುಕೊಂಡರೂ ಬಿಸಿಯೇ ಆಗುವುದಿಲ್ಲ. ಕಣ್ಣಿಗೇನಾದೀತು?" ಎಂದನು. ಪ್ರಶ್ನೆಯು ಯುಕ್ತವಾದುದೇ. ಅವನಿಗೆ ಕೊಟ್ಟ ಉತ್ತರವನ್ನು ವಾಚಕರ ಮುಂದೆಯೂ ಇಡುತ್ತೇನೆ.

ಮಣಿಯೊಂದನ್ನು ಸೂರ್ಯನಿಗೆ ಎದುರಾಗಿ ಹಿಡಿದು, ಒಣಗಿದ ಗೋಮಯವನ್ನು ಮುಟ್ಟದೆಯೇ ಉರಿಸಬಹುದೆಂದು ಯಾಸ್ಕಾಚಾರ್ಯರು ನಿರುಕ್ತದಲ್ಲಿಯೇ ಹೇಳಿದ್ದಾರೆ. ನಮ್ಮ ಭೂತಕನ್ನಡಿಯ ಕೆಲಸವೂ ಇದೇ. ಆದರೆ ಸೂರ್ಯನು ಬಿಂದುವಲ್ಲ. ಸುಮಾರು ಅರ್ಧ ಡಿಗ್ರಿ ಅಗಲದ ಬಿಂಬವಾಗಿ ನಮಗೆ ಕಾಣುತ್ತಾನೆ. ಆದುದರಿಂದ 100 ಮಿಲಿಮೀಟರ್ ಸಂಗಮದೂರವುಳ್ಳ ತೆಳು ಮಸೂರವು ಅವನ ಬೆಳಕನ್ನು ಸುಮಾರು 1 ಮಿಲಿಮೀಟರ್ ಅಗಲದ ಚುಕ್ಕೆಯಾಗಿ ಮಾತ್ರ ಕೂಡಿಸಬಲ್ಲುದು.

1960ರಲ್ಲಿ ಅಮೆರಿಕದ ಥಿಯೊಡೋರ್ ಮೈಮನ್ ಎಂಬವರು ಮಾಣಿಕ್ಯದ ಹರಳಿನಿಂದ ಮೊದಲು ಹೊರಡಿಸಿದ ಲೇಸರ್ ಬೆಳಕಿನ ಸ್ವಭಾವವೇ ಬೇರೆ. ಅದರ ಕಿರಣಗಳು ಬಹುಮಟ್ಟಿಗೆ ಸಮಾಂತರವಾಗಿ ಸಾಗುತ್ತವೆ. 1 ಮಿಲಿಮೀಟರ್ ಅಗಲದ ಕೆಂಪು ಲೇಸರ್ ಕಿರಣವು ಅದೇ ಮಸೂರವನ್ನು ಹಾಯ್ದರೆ, ಸಂಗಮದಲ್ಲಿ ಸುಮಾರು 0.08 ಮಿಲಿಮೀಟರಿಗೆ, ಎಂದರೆ ತಲೆಗೂದಲಿನ ದಪ್ಪಕ್ಕೆ, ಇಳಿಯುತ್ತದೆ. ಬೆಳಕು ತರಂಗಸ್ವರೂಪವಾದುದರಿಂದ ಶುದ್ಧ ಬಿಂದುವಾಗಲಾರದು. ಇನ್ನೊಂದು ಸೋಜಿಗವುಂಟು: ಮಸೂರವನ್ನು ಹೊಗುವ ಕಿರಣವನ್ನು ಎರಡರಷ್ಟು ಅಗಲಮಾಡಿದರೆ ಚುಕ್ಕೆಯ ಅಗಲವು ಅರ್ಧವಾಗುತ್ತದೆ, ಸಂಗಮದೂರವನ್ನು ಅರ್ಧಕ್ಕೆ ತಗ್ಗಿಸಿದರೂ ಹಾಗೆಯೇ.

ಇನ್ನು ಮೊಮ್ಮಗನ ಪ್ರಶ್ನೆ. ಅಂಗೈಯಲ್ಲಿ ಮಸೂರವಿಲ್ಲ, ಕಣ್ಣಿನಲ್ಲಿದೆ. ಕಣ್ಣಿನ ಸಂಗಮದೂರವು ಸುಮಾರು 17 ಮಿಲಿಮೀಟರ್ ಮಾತ್ರ. ಪಾಪೆಯನ್ನು ಹೊಕ್ಕ ಲೇಸರ್ ಬೆಳಕು ಅಕ್ಷಿಪಟಲವನ್ನು ಮುಟ್ಟುವಷ್ಟರಲ್ಲಿ ಸುಮಾರು ಲಕ್ಷಪಟ್ಟು ಸಾಂದ್ರವಾಗಬಲ್ಲುದು. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲವಾದುದರಿಂದ ಸುಟ್ಟುದೂ ಒಡನೆ ತಿಳಿಯದೆ ಹೋದೀತು. ದೀಪದ ಬಲವು 1 ಮಿಲಿವಾಟಿಗಿಂತ ಕಡಿಮೆಯಾಗಿದ್ದರೆ, ರೆಪ್ಪೆಯು ತಾನಾಗಿ ಮುಚ್ಚಿ ಕಣ್ಣನ್ನು ಕಾಯುತ್ತದೆ. ಬಹಳ ಬಲವಾದುದಾದರೆ ಮುಚ್ಚುವ ಮೊದಲೇ ಹಾನಿಯಾಗಬಹುದು. ಜಾತ್ರೆಯ ದೀಪದ ಬಲವನ್ನು ಅಳೆದು ನೋಡಿದವರಾರು?

ಇದೇ ಬೆಳಕಿನಿಂದ ನೇತ್ರವೈದ್ಯರು ಮಧುಮೇಹದಿಂದ ಕೆಟ್ಟ ಅಕ್ಷಿಪಟಲಕ್ಕೆ ಚಿಕಿತ್ಸೆ ಮಾಡಿ ಎಷ್ಟೋ ಜನರ ದೃಷ್ಟಿಯನ್ನು ಉಳಿಸುತ್ತಿದ್ದಾರೆ. ಆದುದರಿಂದ ದೋಷವು ಬೆಳಕಿನದಲ್ಲ. ಮಕ್ಕಳಿಗೆ ಇಂತಹ ಆಟಿಕೆಯನ್ನು ಕೊಡಿಸುವ ಮುನ್ನ ತಾಯಿತಂದೆಗಳು ಯೋಚಿಸಬೇಕು.

ಆ ದೀಪವು ಈಗ ನನ್ನ ಪೆಟ್ಟಿಗೆಯಲ್ಲಿದೆ. ಮೊಮ್ಮಗನಿಗೆ ಬದಲಾಗಿ ನನ್ನ ಹಳೆಯ ಭೂತಕನ್ನಡಿಯನ್ನು ಕೊಟ್ಟಿದ್ದೇನೆ; ಅದರ ಮೂಲಕ ಸೂರ್ಯನನ್ನು ಎಂದಿಗೂ ನೋಡಕೂಡದೆಂದು ಮಾತು ತೆಗೆದುಕೊಂಡು.