ನೌಕಾನೆಲೆಯ ಚರಿತ್ರೆಗೆ ಮೊದಲ ಪುಟ ಯಾವುದು?

ಕಾರವಾರದ ನೌಕಾನೆಲೆಗೆ ಬನವಾಸಿಯ ಕದಂಬರ ಹೆಸರನ್ನಿಟ್ಟರೆಂದು ನಾವು ಹಿಗ್ಗುವೆವು. ಹಿಗ್ಗತಕ್ಕುದೇ ಅಹುದು. ಆದರೆ ಬರಿಯ ಹೆಸರಿನಿಂದ ನಾಡಿನ ಋಣ ತೀರುವುದೇ?

ಆ ನೆಲೆಯ ಸೇವಾಚರಿತ್ರೆಯನ್ನು ಹೇಳುವವರು ಹೇಳುವುದೇನು? 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ ಗಾಂಧಿಯವರಿಂದ ಶಂಕುಸ್ಥಾಪನೆ. 2005ರ ಮೇ 31ರಂದು ಸೇವಾರಂಭ. 2014ರಲ್ಲಿ ‘ವಿಕ್ರಮಾದಿತ್ಯ’ವೆಂಬ ವಿಮಾನವಾಹಕ ನೌಕೆಯ ಆಗಮನ. ಆದರೆ ಈ ನೆಲೆಗಾಗಿ ಕಾರವಾರ, ಅಂಕೋಲೆಗಳ ಕರಾವಳಿಯ ಸಾವಿರಾರು ಸಂಸಾರಗಳು ಮನೆ, ಗದ್ದೆ, ದೋಣಿಯಿಳಿಸುವ ದಂಡೆಗಳನ್ನು ತೊರೆದುವು. ತಕ್ಕ ಪರಿಹಾರಕ್ಕಾಗಿ ವರ್ಷಗಟ್ಟಲೆ ನ್ಯಾಯಸ್ಥಾನಗಳ ಮೆಟ್ಟಿಲೇರಿದುವು. ಹಡಗಿಗೊಂದು ಪುಟವಿದ್ದು ಹಳ್ಳಿಗೊಂದು ಸಾಲೂ ಇಲ್ಲವೆಂದರೆ ಅದು ಚರಿತ್ರೆಯಲ್ಲ. ಜಮೆಯನ್ನು ಬರೆದು ಖರ್ಚನ್ನು ಮರೆಮಾಚಿದ ಲೆಕ್ಕ!

ದೇಶರಕ್ಷಣೆಗೆ ತ್ಯಾಗವು ಅನಿವಾರ್ಯವೆನ್ನುವರು. ಒಪ್ಪಿದೆವು. ತ್ಯಾಗವೆಂದು ಕರೆದ ಮೇಲೆ ತ್ಯಾಗಿಗಳ ಊರನ್ನಾದರೂ ಬರೆಯಬೇಡವೇ?

1956ರ ನವೆಂಬರ್ 1ರಂದು ಕಾರವಾರವು ಮುಂಬಯಿ ರಾಜ್ಯವನ್ನು ಬಿಟ್ಟು ನಮ್ಮೊಡನೆ ಕೂಡಿತು. ನಕ್ಷೆ ಕೂಡಿದ ಮಾತ್ರಕ್ಕೆ ನಾಡು ಒಂದಾಗದು; ಕಡಲ ಮುಖ ಕಾಣದ ನಮ್ಮ ನಂದಗುಡಿಯವರಿಗೂ ಕಡಲಂಚಿನವರ ನಷ್ಟವು ತಮ್ಮದೆನಿಸಬೇಕು. ಉಪಾಧ್ಯಾಯರೇ, ಕದಂಬ ನೆಲೆಯ ಪಾಠವನ್ನು ಆ ಹಳ್ಳಿಗಳಿಂದಲೇ ಆರಂಭಿಸಿರಿ!