ದ್ರಾಕ್ಷಿ ಸೀಮೆಯಲ್ಲಿ ಸೈಕಲ್ಲು

ಜುಲೈ ಬಂತೆಂದರೆ ಗುರುಗ್ರಾಮದ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಒಂದು ಮೇಜು ಟೂರ್ ಡಿ ಫ್ರಾನ್ಸ್‌ಗೆ ಮೀಸಲು. ಐದಾರು ಜನ ಸೈಕಲ್ ಹುಚ್ಚಿನವರು ಫೋನನ್ನು ನೀರಿನ ಬಾಟಲಿಗೆ ಒರಗಿಸಿಟ್ಟು, ಹಿಂದಿನ ದಿನದ ಹೈಲೈಟ್ಸ್ ನೋಡುತ್ತಾ ಊಟ ಮಾಡುತ್ತೇವೆ. 2024ರ ಏಳನೇ ಹಂತ ಬರ್ಗಂಡಿಯಲ್ಲಿತ್ತು. ನ್ಯೂಯಿ-ಸೇಂ-ಜಾರ್ಜ್‌ನಿಂದ ಜೆವ್ರೆ-ಷಾಂಬರ್ತಾಂವರೆಗೆ ಸುಮಾರು 25 ಕಿ.ಮೀ. ಟೈಮ್ ಟ್ರಯಲ್. ಗೆದ್ದದ್ದು ಬೆಲ್ಜಿಯಂನ ರೆಮ್ಕೊ ಇವನೆಪೂಲ್. ಆದರೆ ಹೆಲಿಕಾಪ್ಟರಿನ ಕ್ಯಾಮೆರಾಗೆ ಸೈಕಲ್ಲಿಗಿಂತ ಪ್ರೀತಿ ದ್ರಾಕ್ಷಿ ತೋಟಗಳ ಮೇಲೆ. ಬಾಚಣಿಗೆ ಎಳೆದ ಹಾಗೆ ಸಾಲು ಸಾಲು ಹಸಿರು. "ಯಾರ್, ನಮ್ಮ ದೇಶದಲ್ಲಿ ಇಂಥದ್ದು ಎಲ್ಲಿದೆ?" ಎಂದು ಲೂಧಿಯಾನಾದ ಗೆಳೆಯ ನಿಟ್ಟುಸಿರುಬಿಟ್ಟ. ನಮ್ಮ ಕಡೆ ಇದೆ ಎಂದೆ. ಬೆಟ್ಟ, ದ್ರಾಕ್ಷಿ, ವೈನು ಎಲ್ಲ ಒಂದೇ ಬೆಳಗಿನ ಸವಾರಿಯಲ್ಲಿ ಸಿಗುತ್ತವೆ. ನದಿ? ಎಂದು ಕೇಳಿದ. ಐದಿವೆ ಎಂದೆ. ಆ ಐದರ ಕತೆ ಊಟದ ಬಿಡುವಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಹಾಗಾಗಿ ಈ ಸಲದ ಅಂಕಣಕ್ಕೆ ಅದೇ ವಿಷಯ.

ದಿಲ್ಲಿ ಸುತ್ತಮುತ್ತ ಸೈಕಲ್ ತುಳಿಯುವವರಿಗೆ ಏರು ಎಂದರೆ ಗುರುಗ್ರಾಮ-ಫರೀದಾಬಾದ್ ರಸ್ತೆ. ಗ್ವಾಲ್ ಪಹಾಡಿ ದಾಟಿ, ಬಂಧವಾಡಿಯ ಕಸದ ಗುಡ್ಡ ಬಂದಾಗ ಉಸಿರು ಬಿಗಿಹಿಡಿದು ತುಳಿದರೆ ಅರಾವಳಿಯ ಒಂದಷ್ಟು ಉಬ್ಬುತಗ್ಗು ಸಿಗುತ್ತದೆ. ಗೇರ್ ಇಳಿಸಿ ಕಾಲು ಹದಕ್ಕೆ ಬರುವಷ್ಟರಲ್ಲಿ ಏರು ಮುಗಿದಿರುತ್ತದೆ. ನವೆಂಬರಿನಲ್ಲಿ ಗಾಳಿ ಕೆಟ್ಟ ಮೇಲೆ ಅದೂ ಇಲ್ಲ. ಬಾಲ್ಕನಿ ಬಾಗಿಲು ಮುಚ್ಚಿಕೊಂಡು ಟ್ರೇನರ್ ಮೇಲೆ ಗೋಡೆ ನೋಡುತ್ತಾ ತುಳಿಯಬೇಕು. ಆದ್ದರಿಂದ ಊರಿಗೆ ಹೊರಟಾಗ ಸೈಕಲ್ಲೂ ಹೊರಡುತ್ತದೆ. ವಿಮಾನಕ್ಕೆ ಕಳಚಿ ಪೆಟ್ಟಿಗೆಗೆ ತುಂಬುವ ರಗಳೆ ಬೇಡ ಎನ್ನುವವರು ಗೋಣಿತಾಟು ಸುತ್ತಿ ಕರ್ನಾಟಕ ಎಕ್ಸ್‌ಪ್ರೆಸ್ಸಿನ ಬ್ರೇಕ್‌ವ್ಯಾನಿಗೆ ಬುಕ್ ಮಾಡಬಹುದು. ಪೆಡಲ್ ಬಿಚ್ಚಿ ಕೈಚೀಲದಲ್ಲಿಟ್ಟುಕೊಳ್ಳಿ.

ನಂದಿಬೆಟ್ಟ ಬೆಂಗಳೂರಿನ ಸೈಕಲ್ ಸವಾರರ ಪಾಲಿಗೆ ಎಸ್ಸೆಸ್ಸೆಲ್ಸಿ ಇದ್ದ ಹಾಗೆ. ಎಷ್ಟು ನಿಮಿಷ ಎಂಬುದೇ ಮಾರ್ಕ್ಸು. ಹೆಬ್ಬಾಳದಿಂದ ಬಳ್ಳಾರಿ ರಸ್ತೆ ಹಿಡಿದು, ಏರ್‌ಪೋರ್ಟಿನ ಗದ್ದಲ ಕಳೆದು, ದೇವನಹಳ್ಳಿ ದಾಟಿ ಎಡಕ್ಕೆ ಹೊರಳಿದರೆ ರಸ್ತೆ ಸಣ್ಣದಾಗುತ್ತದೆ, ಗಾಳಿ ತಣ್ಣಗಾಗುತ್ತದೆ. ಬುಡದಿಂದ ತುದಿಗೆ ಸುಮಾರು 8 ಕಿ.ಮೀ., 40 ತಿರುವು. ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 1,478 ಮೀಟರ್. ಮೊದಲರ್ಧವನ್ನು ನಂಬಬೇಡಿ. ಸಲೀಸಾಗಿದೆ ಎಂದು ಹುಮ್ಮಸ್ಸಿನಲ್ಲಿ ತುಳಿದರೆ ಮೇಲಿನ ತಿರುವುಗಳಲ್ಲಿ ಬಡ್ಡಿ ಸಮೇತ ತೀರಿಸಬೇಕಾಗುತ್ತದೆ. ಭಾನುವಾರವಂತೂ ಹೋಗಲೇಬೇಡಿ, ಸೂರ್ಯೋದಯಕ್ಕೆ ಬರುವ ಕಾರು ಬೈಕುಗಳ ಹೊಗೆ ಕುಡಿಯಲು ದಿಲ್ಲಿಯಿಂದ ಅಷ್ಟು ದೂರ ಹೋಗಬೇಕಾಗಿಲ್ಲ.

ಕಾರಿನಲ್ಲಿ ಹೋದವರಿಗೆ ತಿಳಿಯದ ಒಂದು ಸಂಗತಿ ಸೈಕಲ್ಲಿನವರ ತೊಡೆಗೆ ತಿಳಿಯುತ್ತದೆ: ಈ ಸೀಮೆಯ ನೆಲ ಯಾವ ಕಡೆಗೆ ವಾಲಿದೆ ಎನ್ನುವುದು. ನಂದಿಯ ಬೆಟ್ಟಸಾಲು ಹೆಂಚಿನ ಮನೆಯ ನೆತ್ತಿ ಇದ್ದ ಹಾಗೆ. ಒಂದು ಮಗ್ಗುಲಿಗೆ ಬಿದ್ದ ಹನಿ ಅರ್ಕಾವತಿಯಾಗಿ ದೊಡ್ಡಬಳ್ಳಾಪುರ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ಹಾದು ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯನ್ನು ಸೇರಬೇಕು. ಇನ್ನೊಂದು ಮಗ್ಗುಲಿನ ಹನಿ ಉತ್ತರ ಪಿನಾಕಿನಿಯಾಗಿ ಗೌರಿಬಿದನೂರಿನ ಮೇಲೆ ಆಂಧ್ರಕ್ಕೆ ಹೋಗಿ ನೆಲ್ಲೂರಿನ ಬಳಿ ಸಮುದ್ರ ಕಾಣಬೇಕು. ದಕ್ಷಿಣ ಪಿನಾಕಿನಿಯದು ಹೊಸಕೋಟೆ, ತಮಿಳುನಾಡು, ಕಡಲೂರಿನ ದಾರಿ. ಚಿತ್ರಾವತಿ ಬಾಗೇಪಲ್ಲಿ ಕಡೆಯಿಂದ ಪುಟ್ಟಪರ್ತಿಗೆ. ಪಾಪಾಗ್ನಿಯೂ ಈ ಸೀಮೆಯ ಮಗಳೇ. ಒಂದು ಬೆಳಗ್ಗೆ ನಂದಿ, ಮುದ್ದೇನಹಳ್ಳಿ, ಚಿಕ್ಕಬಳ್ಳಾಪುರ ಎಂದು ಸುತ್ತು ಹಾಕಿದರೆ ಬೇರೆ ಬೇರೆ ರಾಜ್ಯಗಳಲ್ಲಿ ಕಡಲು ಸೇರಬೇಕಾದ ನೀರಿನ ದಾರಿಗಳ ಆಸುಪಾಸಿನಲ್ಲೇ ಹಾದುಹೋಗುತ್ತೀರಿ. ಸೇರಬೇಕು, ಕಾಣಬೇಕು ಎಂದು ಬರೆಯುತ್ತಿದ್ದೇನೆ, ಗಮನಿಸಿರಬಹುದು. ವರ್ಷದ ಬಹುಪಾಲು ಮೋರಿ ಸೇತುವೆಗಳ ಕೆಳಗೆ ಕಾಣುವುದು ಮರಳು, ಜಾಲಿ, ಪ್ಲಾಸ್ಟಿಕ್. ಬೆಂಗಳೂರಿಗೆ 1894ರಲ್ಲಿ ಮೊದಲು ಕೊಳಾಯಿ ನೀರು ಬಂದದ್ದು ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ. 1933ರಲ್ಲಿ ತಿಪ್ಪಗೊಂಡನಹಳ್ಳಿ ಬಂತು, ಅದೂ ಅರ್ಕಾವತಿಯದೇ. ಇಡೀ ಒಂದು ನಗರವನ್ನು ಸಾಕಿದ ನದಿಯ ಹುಟ್ಟೂರಿನಲ್ಲಿ ನಿಂತು ಬಾಟಲಿ ನೀರು ಕೊಳ್ಳುತ್ತೇವೆ. ಮುದ್ದೇನಹಳ್ಳಿ ವಿಶ್ವೇಶ್ವರಯ್ಯನವರು ಹುಟ್ಟಿದ ಊರು ಎಂಬುದನ್ನು ನೆನೆದರೆ ಇನ್ನೂ ಒಂಥರಾ ಆಗುತ್ತದೆ.

ಆದರೂ ದ್ರಾಕ್ಷಿ ಇದೆ. ರಸ್ತೆಯ ಎರಡೂ ಕಡೆ ಕಲ್ಲುಕಂಬದ ಚಪ್ಪರ ಕಂಡರೆ ಅದು ತಿನ್ನುವ ದ್ರಾಕ್ಷಿ, ಹೆಚ್ಚಾಗಿ ದಿಲ್‌ಖುಷ್ ಅಥವಾ ನಮ್ಮ ಬೆಂಗಳೂರು ನೀಲಿ. ನೀಲಿಗೆ ಭೌಗೋಳಿಕ ಗುರುತು ಪಟ್ಟವೂ ಸಿಕ್ಕಿದೆ. ಸಿಪ್ಪೆ ದಪ್ಪ, ಬೀಜ ಇದೆ, ವಾಸನೆ ಮಾತ್ರ ಬಾಲ್ಯದ್ದು. ಚಪ್ಪರದ ಬದಲು ತಂತಿಗೆ ಹಬ್ಬಿಸಿದ ಬೇಲಿಯಂಥ ಸಾಲುಗಳು ಕಂಡರೆ ಅದು ವೈನ್ ದ್ರಾಕ್ಷಿ. ದೊಡ್ಡಬಳ್ಳಾಪುರದ ಕಡೆ ಕನ್ವಲ್ ಗ್ರೋವರ್ ಅವರು 1980ರ ದಶಕದ ಕೊನೆಗೆ ಫ್ರೆಂಚ್ ತಳಿಗಳನ್ನು ನೆಟ್ಟರು. ಮುಂದೆ ಬೋರ್ಡೋದ ಮಿಷೆಲ್ ರೋಲಾನಂಥ ಹೆಸರಾಂತ ವೈನ್ ಪಂಡಿತರೇ ಸಲಹೆಗಾರರಾದರು. 2007ರಲ್ಲಿ ರಾಜ್ಯ ಸರಕಾರ ವೈನ್ ನೀತಿ ತಂದ ಮೇಲೆ 'ನಂದಿ ಕಣಿವೆ' ಎಂಬ ಹೆಸರು ಲೇಬಲ್ಲಿಗೂ ಪ್ರವಾಸದ ಕರಪತ್ರಕ್ಕೂ ಒಪ್ಪುವಂತಾಯಿತು.

ಇಲ್ಲಿಯ ಬಳ್ಳಿಗೆ ನಿದ್ದೆ ಇಲ್ಲ. ದಿಲ್ಲಿಯ ಪೂಸಾ ಸಂಸ್ಥೆಯಲ್ಲಿ ಬೆಳೆಸುವ ದ್ರಾಕ್ಷಿ ಚಳಿಗಾಲಕ್ಕೆ ಎಲೆ ಉದುರಿಸಿ ಒಣಕಟ್ಟಿಗೆಯಂತೆ ಮಲಗುತ್ತದೆ, ಎದ್ದು ಮಳೆಗಾಲಕ್ಕೆ ಮುಂಚೆ ಹಣ್ಣು ಕೊಟ್ಟುಬಿಡಬೇಕು. ಫ್ರಾನ್ಸಿನಲ್ಲೂ ಹಿಮ ಬಿದ್ದಾಗ ಮಲಗುತ್ತದೆ. ನಂದಿಯ ಬುಡದಲ್ಲಿ ಅಂಥ ಚಳಿ ಇಲ್ಲ, ಹಾಗಾಗಿ ರೈತ ವರ್ಷಕ್ಕೆ ಎರಡು ಸಲ ಬಳ್ಳಿ ಸವರಿ ಅದಕ್ಕೆ ಕಾಲ ತಿಳಿಸಬೇಕು. ಬೇಸಗೆಯಲ್ಲಿ ಒಮ್ಮೆ, ಮಳೆ ಹಿಂದಾಗುವಾಗ ಇನ್ನೊಮ್ಮೆ. ವೈನ್ ದ್ರಾಕ್ಷಿಯ ಕೊಯ್ಲು ಫೆಬ್ರವರಿ, ಮಾರ್ಚ್ ಹೊತ್ತಿಗೆ. ಹಣ್ಣು ತುಂಬುವ ಕಾಲ ಪೂರ್ತಿ ಒಣಗಾಲ. ಬರ್ಗಂಡಿಯಂಥ ಸೀಮೆಗಳಲ್ಲಿ ಬಳ್ಳಿ ಮಳೆಯ ನೀರಲ್ಲೇ ಬದುಕುತ್ತದೆ, ನೀರು ಹಾಯಿಸಲು ಕಟ್ಟುಪಾಡುಗಳಿವೆ. ನಮ್ಮಲ್ಲಿ ಡ್ರಿಪ್ ಪೈಪ್ ಇಲ್ಲದೆ ಒಂದು ಗೊಂಚಲೂ ಇಲ್ಲ. ಆ ಪೈಪಿನ ಇನ್ನೊಂದು ತುದಿ ಎಲ್ಲಿದೆ ಎಂಬುದೇ ಪ್ರಶ್ನೆ.

ಹೋದ ಡಿಸೆಂಬರಿನಲ್ಲಿ ಬೆಟ್ಟ ಇಳಿದು ಒಂದು ಟೀ ಅಂಗಡಿಯ ಮುಂದೆ ನಿಂತಿದ್ದಾಗ, ಪಕ್ಕದ ತೋಟದವರು ನನ್ನ ಸೈಕಲ್ಲಿನ ಟೈರನ್ನು ಹಿಸುಕಿ ನೋಡಿ, "ಇಷ್ಟು ಸಣ್ಣದಕ್ಕೆ ಎಷ್ಟು ಕೊಟ್ರಿ ಸಾರ್?" ಎಂದರು. ಬೆಲೆ ತಪ್ಪಿಸಿ ದ್ರಾಕ್ಷಿಯ ಮಾತಿಗೆ ಎಳೆದೆ. ಅಪ್ಪನ ಕಾಲದ ತೆರೆದ ಬಾವಿ ಈಗ ಕಸದ ಗುಂಡಿ. ಕೊರೆಸಿದ ಬೋರ್‌ವೆಲ್ಲುಗಳಲ್ಲಿ ಎರಡು ಧೂಳು ಕಾರಿದವು. ಮೂರನೆಯದು ಸಾವಿರ ಅಡಿ ದಾಟಿದ ಮೇಲೆ ತೊಟ್ಟಿಕ್ಕಿತು. ಮಗ ದೇವನಹಳ್ಳಿಯಲ್ಲಿ ಕ್ಯಾಬ್ ಓಡಿಸುತ್ತಾನೆ, ತೋಟ ಕೊಟ್ಟುಬಿಡೋಣ ಎನ್ನುತ್ತಾನೆ. "ನಾನು ಇರೋತನಕ ಇರ್ಲಿ ಅಂತ ಇಟ್ಕೊಂಡಿದೀನಿ" ಎಂದರು. ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ವರ್ಷಗಟ್ಟಲೆ ಧರಣಿ ಕೂತು, 2025ರ ಜುಲೈಯಲ್ಲಿ 1,777 ಎಕರೆಯ ಸ್ವಾಧೀನವನ್ನು ಸರಕಾರ ಕೈಬಿಡುವಂತೆ ಮಾಡಿದರು. ಜಮೀನು ಉಳಿಯಿತು ಸರಿ, ನೀರಿಗೆ ಯಾರ ಮುಂದೆ ಧರಣಿ ಕೂರುವುದು?

ಮೇಲಿನ ಮಳೆ ಸಾಲದೆ, ಕೆಳಗಿನ ಅಂತರ್ಜಲ ಬತ್ತಿ, ಈಗ ಈ ಸೀಮೆಗೆ ಮೂರನೆಯ ನೀರೊಂದು ಬರುತ್ತಿದೆ. ಬೆಂಗಳೂರಿನ ಚರಂಡಿ ನೀರನ್ನು ಎರಡು ಹಂತ ಶುದ್ಧಮಾಡಿ, ಹೆಬ್ಬಾಳ-ನಾಗವಾರ ಕಣಿವೆಯಿಂದ ಪಂಪ್ ಮಾಡಿ, ಬೆಂಗಳೂರು ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರ ಕಡೆಯ 65 ಕೆರೆಗಳಿಗೆ ತುಂಬಿಸುವ ಯೋಜನೆ. ಗುರಿ ದಿನಕ್ಕೆ 21 ಕೋಟಿ ಲೀಟರ್. ಕೋಲಾರಕ್ಕೆ ಹೀಗೇ ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು 2018ರಿಂದ ಹೋಗುತ್ತಿದೆ. ಕೆರೆಗೆ ಬಿಟ್ಟ ನೀರು ಇಂಗಿ ಬೋರ್‌ವೆಲ್ಲುಗಳಿಗೆ ಜೀವ ಬರಲಿ ಎಂಬುದು ಉದ್ದೇಶ.

ಇದರ ದಾರಿಯನ್ನು ನಕ್ಷೆಯಲ್ಲಿ ಬೆರಳಿಟ್ಟು ನೋಡಿ. ಕಾವೇರಿ ನೀರನ್ನು ಸುಮಾರು 100 ಕಿ.ಮೀ. ದೂರದಿಂದ ಬೆಂಗಳೂರಿನ ಎತ್ತರಕ್ಕೆ ಪಂಪ್ ಮಾಡುತ್ತಾರೆ. ಬೆಂಗಳೂರು ಅದರಲ್ಲಿ ಮಿಂದು, ತೊಳೆದು, ಚೆಲ್ಲುತ್ತದೆ. ಚೆಲ್ಲಿದ್ದನ್ನು ಸೋಸಿ ಮತ್ತೆ ಪಂಪ್ ಹಾಕಿ ನಂದಿಯ ಸೀಮೆಗೆ ಕಳಿಸುತ್ತಾರೆ. ಅರ್ಕಾವತಿ ಯಾವ ಬೆಟ್ಟದಿಂದ ಹೊರಟು ಕಾವೇರಿಗೆ ನೀರು ಒಯ್ಯಬೇಕಿತ್ತೋ, ಆ ಬೆಟ್ಟದ ಕಡೆಗೇ ಕಾವೇರಿ ಪೈಪಿನಲ್ಲಿ ಏರಿ ಬರುತ್ತಿದ್ದಾಳೆ, ಸೋಪಿನ ವಾಸನೆಯೊಂದಿಗೆ. ಹೆಬ್ಬಾಳದಿಂದ ಉತ್ತರಕ್ಕೆ ಹೊರಡುವ ಸೈಕಲ್ ಸವಾರನೂ ಅವನು ಬೆಳಿಗ್ಗೆ ಮುಖ ತೊಳೆದ ನೀರೂ ಒಂದೇ ದಿಕ್ಕಿಗೆ ಏರುತ್ತವೆ.

ನನಗೆ ಇದರಲ್ಲಿ ಅಸಹ್ಯಪಡುವಂಥದ್ದೇನೂ ಕಾಣುವುದಿಲ್ಲ. ತೆಗೆದುಕೊಂಡ ನೀರನ್ನು ನಗರ ಹಿಂದಕ್ಕೆ ಕೊಡುವುದು ನ್ಯಾಯವೇ. ಆದರೆ ಎರಡು ಹಂತ ಸಾಲದು, ಮೂರನೇ ಹಂತವೂ ಶುದ್ಧಮಾಡಿ ಕೊಡಿ ಎಂದು ಅಲ್ಲಿನ ನೀರಾವರಿ ಹೋರಾಟಗಾರರು ಕೇಳುತ್ತಲೇ ಇದ್ದಾರೆ. ಅದು ಹೆಚ್ಚಿನ ಬೇಡಿಕೆಯಲ್ಲ. ಈ ನೀರು ಇಂಗುವ ನೆಲದಲ್ಲೇ ಜನ ಕುಡಿಯುವ ಬೋರ್‌ವೆಲ್ಲುಗಳೂ ಇವೆ. ಸಾಲ ತೀರಿಸುವಾಗ ಹರಿದ ನೋಟು ಕೊಟ್ಟ ಹಾಗಾಗಬಾರದು. ಸಕಲೇಶಪುರದ ಎತ್ತಿನಹೊಳೆಯ ನೀರು ಬರುತ್ತದೆ ಎಂಬ ಮಾತನ್ನು ಟೀ ಅಂಗಡಿಯಲ್ಲಿ ಎತ್ತಿದೆ. ಅಲ್ಲಿದ್ದವರೆಲ್ಲ ನಕ್ಕರು. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತದ ಉದ್ಘಾಟನೆಯಾದದ್ದು ಅವರಿಗೆ ಗೊತ್ತಿತ್ತು, ನಲ್ಲಿಗೆ ಇನ್ನೂ ಗೊತ್ತಿರಲಿಲ್ಲ.

ದ್ರಾಕ್ಷಿಯವರ ಅನುಭವ ಕೇಳಿದೆ. ಹತ್ತಿರದ ಕೆರೆ ತುಂಬಿದ ಮೇಲೆ ಬೋರ್‌ವೆಲ್ ಸ್ವಲ್ಪ ಚೇತರಿಸಿಕೊಂಡಿದೆ, ಸುಳ್ಳು ಹೇಳಬಾರದು ಎಂದರು. ಮನೆಗೆ ಕುಡಿಯಲು ಮಾತ್ರ ಕ್ಯಾನ್ ನೀರು. "ಬೆಂಗಳೂರಲ್ಲಿ ಸೋಪು ಸ್ವಲ್ಪ ಕಮ್ಮಿ ಹಾಕ್ಕೊಳೋಕೆ ಹೇಳಿ ಸಾರ್."

ನಾನಿರುವುದು ದಿಲ್ಲಿ ಕಡೆ ಎಂದೆ.

"ಹಂಗಾದ್ರೆ ನಿಮ್ಮದು ಯಾವೂರಿಗೆ ಹೋಗುತ್ತೆ?"

ಗುರುಗ್ರಾಮದ್ದು ನಜಫಗಢ ನಾಲೆಗೆ, ಅದು ಒಂದು ಕಾಲದಲ್ಲಿ ಸಾಹಿಬಿ ಎಂಬ ನದಿಯಾಗಿತ್ತು, ಅಲ್ಲಿಂದ ಯಮುನೆಗೆ, ಆಮೇಲೆ ಮಥುರಾ, ಆಗ್ರಾ ಎಂದು ವಿವರಿಸಿದೆ. ಅವರು ಟೀ ಲೋಟ ಕೆಳಗಿಟ್ಟು, "ಅಲ್ಲೂ ದ್ರಾಕ್ಷಿ ಹಾಕ್ತಾರಾ?" ಎಂದು ಕೇಳಿದರು.